ಸೂರಿಲ್ಲದವರಿಗೆ ಸರ್ಕಾರದ ದುಡ್ಡು: ಯಾವ ಬಾಗಿಲು ಮೊದಲು ತಟ್ಟಬೇಕು?

ನಮ್ಮೂರಿನ ತರಕಾರಿ ಮಂಡಿಯಲ್ಲಿ ಮೂಟೆ ಹೊರುವ ಒಬ್ಬ ಯಜಮಾನರಿದ್ದಾರೆ. ವಯಸ್ಸು ಐವತ್ತೈದು ದಾಟಿದೆ. ರಾತ್ರಿ ಹತ್ತಕ್ಕೆ ಅಂಗಡಿಗಳ ಶಟರ್ ಇಳಿದ ಮೇಲೆ ಒಂದು ಬಟ್ಟೆ ಅಂಗಡಿಯ ಜಗಲಿ ಮೇಲೆ ಗೋಣಿಚೀಲ ಹಾಸಿ ಮಲಗುತ್ತಾರೆ. ಬೆಳಗಿನ ಜಾವ ಮೂರಕ್ಕೆ ಲಾರಿ ಬಂದರೆ ಎದ್ದು ಹೋಗುತ್ತಾರೆ. ಎರಡು ಮಳೆಗಾಲದ ಹಿಂದೆ ಅವರನ್ನು ಕರೆದುಕೊಂಡು ಒಂದು ಕಚೇರಿಗೆ ಹೋಗಿದ್ದೆ. ಮನೆಗೆ ಅರ್ಜಿ ಹಾಕಬೇಕು ಅಂದ ಕೂಡಲೇ ಕೌಂಟರಿನವರು ಕೇಳಿದರು: "ಸೈಟ್ ಇದೆಯಾ?"

ಯಜಮಾನರು ನಕ್ಕುಬಿಟ್ಟರು. "ಸೈಟ್ ಇದ್ದಿದ್ರೆ ಜಗಲಿ ಮೇಲೆ ಯಾಕೆ ಮಲಗ್ತಿದ್ದೆ ಸಾರ್?"

ಕೌಂಟರಿನವರನ್ನು ಬೈದು ಪ್ರಯೋಜನವಿಲ್ಲ. ಅವರ ಮುಂದಿದ್ದ ಫಾರಂನಲ್ಲಿ ಆ ಕಾಲಂ ಇತ್ತು, ಕೇಳಿದರು. ನಾನೇ ಯಜಮಾನರನ್ನು ತಪ್ಪು ಸಾಲಿನಲ್ಲಿ ನಿಲ್ಲಿಸಿದ್ದೆ. ಆಮೇಲೆ ಅಲೆದು ಅಲೆದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇರುತ್ತಾರೆ, ಅಲ್ವಾ? ಅವರಿಗಾಗಿ ಓಡಾಡಲು ಮನಸ್ಸಿರುವವರಿಗೆ ಇದು.

ಸರ್ಕಾರದ ದುಡ್ಡು ಎರಡು ಬೇರೆ ಬೇರೆ ಕೊಳಾಯಿಯಲ್ಲಿ ಬರುತ್ತದೆ. ಒಂದು, ಮನೆ ಕಟ್ಟಿಕೊಳ್ಳಲು ಕೊಡುವ ಸಹಾಯಧನ. ಇನ್ನೊಂದು, ಏನೂ ಇಲ್ಲದವರಿಗೆ ಇವತ್ತು ರಾತ್ರಿ ಮಲಗಲು ಜಾಗ ಕೊಡುವುದಕ್ಕೆ ಇಟ್ಟ ದುಡ್ಡು. ಮೊದಲನೆಯದಕ್ಕೆ ಜಾಗ, ಕಾಗದ, ತಾಳ್ಮೆ ಮೂರೂ ಬೇಕು. ಎರಡನೆಯದಕ್ಕೆ ಸೈಟೂ ಬೇಡ, ಖಾತೆಯೂ ಬೇಡ. ಆದರೆ ಫ್ಲೆಕ್ಸು, ಜಾಹೀರಾತು ಎಲ್ಲ ಮೊದಲನೆಯದಕ್ಕೇ. ಅದಕ್ಕೇ ಎಲ್ಲರೂ ಅಲ್ಲಿ ಹೋಗಿ ನಿಲ್ಲುತ್ತಾರೆ, "ಸೈಟ್ ಇದೆಯಾ" ಅಂತ ಕೇಳಿಸಿಕೊಂಡು ವಾಪಸ್ ಬರುತ್ತಾರೆ.

ಹೆಜ್ಜೆ 1: ಯಾವ ಸಾಲು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ನಾವು ಸುಮ್ನೆ "ಮನೆ ಇಲ್ಲದವರು" ಅಂತ ಎಲ್ಲರನ್ನೂ ಸೇರಿಸಿ ಹೇಳಿಬಿಡುತ್ತೇವೆ. ಕಡತದಲ್ಲಿ ಇವರು ಬೇರೆ ಬೇರೆ ಜನ.

ಬಾಡಿಗೆ ಮನೆಯಲ್ಲಿದ್ದು ಸ್ವಂತ ಮನೆ ಇಲ್ಲದವರು ಒಂದು ಬಗೆ. ಊರಲ್ಲಿ ಒಂದು ತುಂಡು ಜಾಗ ಇದ್ದು ಮೇಲೆ ಮಣ್ಣಿನ ಗೋಡೆ, ಹರಕು ಶೀಟು ಇರುವವರು ಇನ್ನೊಂದು ಬಗೆ. ಸರ್ಕಾರಿ ಜಾಗದಲ್ಲಿ ಜೋಪಡಿ ಹಾಕಿಕೊಂಡವರು ಮತ್ತೊಂದು. ನಮ್ಮ ಯಜಮಾನರ ಹಾಗೆ ಜಗಲಿ, ಫ್ಲೈಓವರ್ ಕೆಳಗೆ, ದೇವಸ್ಥಾನದ ಮಂಟಪ, ರೈಲ್ವೆ ಪ್ಲಾಟ್‌ಫಾರಂ, ಚರಂಡಿಗೆ ತಂದಿಟ್ಟ ಹ್ಯೂಮ್ ಪೈಪಿನೊಳಗೆ ಮಲಗುವವರು ಕೊನೆಯ ಬಗೆ. ಜನಗಣತಿಯವರು ಮನೆರಹಿತರು ಅಂತ ಲೆಕ್ಕ ಹಾಕುವುದು ಈ ಕೊನೆಯವರನ್ನು ಮಾತ್ರ. 2011ರ ಫೆಬ್ರವರಿ 28ರ ಒಂದೇ ರಾತ್ರಿ ದೇಶದ ಬೀದಿಗಳಲ್ಲಿ ಹೀಗೆ ಎಣಿಸಿದರು. ಸಿಕ್ಕಿದ್ದು 17.73 ಲಕ್ಷ ಜನ. ಕರ್ನಾಟಕದಲ್ಲಿ 76 ಸಾವಿರ ಚಿಲ್ಲರೆ. ಒಂದೇ ರಾತ್ರಿಯ ಎಣಿಕೆಯಲ್ಲಿ ಎಷ್ಟು ಜನ ತಪ್ಪಿಹೋಗಿರಬಹುದು ಅಂತ ನೀವೇ ಯೋಚಿಸಿ. ನಮ್ಮ ಯಜಮಾನರು ಆ ಹೊತ್ತಿಗೆ ಲಾರಿ ಮೇಲಿರುತ್ತಿದ್ದರು.

ಜಾಗ ಇರುವವರಿದ್ದರೆ ಕೆಳಗಿನ 4ನೇ ಹೆಜ್ಜೆಗೆ ನೇರವಾಗಿ ಹೋಗಿ. ಬೀದಿಯಲ್ಲಿರುವವರಾದರೆ ಇಲ್ಲಿಂದಲೇ ಶುರು ಮಾಡಿ.

ಹೆಜ್ಜೆ 2: ಇವತ್ತು ರಾತ್ರಿಯ ಸೂರು

ನಗರಸಭೆ, ಪುರಸಭೆ, ಮಹಾನಗರ ಪಾಲಿಕೆಗಳು ನಡೆಸಬೇಕಾದ ಆಶ್ರಯ ಕೇಂದ್ರಗಳಿವೆ. ಬೋರ್ಡಿನಲ್ಲಿ "ನಗರ ವಸತಿರಹಿತರ ಆಶ್ರಯ ಕೇಂದ್ರ" ಅಂತ ಇರುತ್ತದೆ. ಜನ "ರಾತ್ರಿ ತಂಗುದಾಣ" ಅನ್ನುತ್ತಾರೆ. ಹೆಸರು ಹಾಗಿದ್ದರೂ ಇದು ರಾತ್ರಿಗೆ ಮಾತ್ರ ಅಲ್ಲ. ನಿಯಮದ ಪ್ರಕಾರ ದಿನದ 24 ಗಂಟೆ, ವರ್ಷದ ಎಲ್ಲ ದಿನ ತೆರೆದಿರಬೇಕು.

ಇದು ಯಾರದೋ ಧರ್ಮ ಅಂದುಕೊಳ್ಳಬೇಡಿ. ದೆಹಲಿಯ ಚಳಿಯಲ್ಲಿ ಬೀದಿಯಲ್ಲಿ ಮಲಗಿದವರು ಸಾಯುತ್ತಿದ್ದಾರೆ ಎಂಬ ವಿಷಯ 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ಆಶ್ರಯ ಕೇಂದ್ರ ಇರಬೇಕು ಅಂತ ಕೋರ್ಟ್ ಹೇಳಿತು. 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಇದಕ್ಕೆ ದುಡ್ಡಿಟ್ಟರು. ಕಚೇರಿಯಲ್ಲಿ ಇದನ್ನು "ನಲ್ಮ್" ಅನ್ನುತ್ತಾರೆ, ಆ ಮಾತೇ ಬಳಸಿ, ಬೇಗ ಅರ್ಥವಾಗುತ್ತದೆ. ಆಮೇಲಾಮೇಲೆ ಅದರಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಪಾಲು ಇತ್ತು. ಲೆಕ್ಕವೂ ಸುಲಭ. ಒಂದು ಲಕ್ಷ ಜನರಿಗೆ ಕನಿಷ್ಠ 100 ಮಂದಿ ಮಲಗುವಷ್ಟು ಜಾಗ. ನಿಮ್ಮ ಊರಿನ ಜನಸಂಖ್ಯೆ 3 ಲಕ್ಷ ಇದ್ದರೆ 300 ಮಂದಿಗೆ ವ್ಯವಸ್ಥೆ ಇರಬೇಕು. ಒಮ್ಮೆ ಎಣಿಸಿ ನೋಡಿ.

ಮಾಡಬೇಕಾದ್ದು ಇಷ್ಟು. ಪುರಸಭೆಗೆ ಹೋಗಿ ಸಮುದಾಯ ಸಂಘಟನಾಧಿಕಾರಿ ಯಾರು ಅಂತ ಕೇಳಿ. ಮನೆ ಅರ್ಜಿ ಕೌಂಟರಿಗೆ ಹೋಗಬೇಡಿ. ಊರಿನಲ್ಲಿ ಆಶ್ರಯ ಕೇಂದ್ರ ಎಲ್ಲಿದೆ, ನಡೆಸುತ್ತಿರುವ ಸಂಸ್ಥೆ ಯಾವುದು, ಹೆಂಗಸರಿಗೆ ಬೇರೆ ಇದೆಯಾ, ಗಂಡ-ಹೆಂಡತಿ-ಮಕ್ಕಳು ಒಟ್ಟಿಗೆ ಇರಬಹುದಾ ಅಂತ ವಿಚಾರಿಸಿ. ಬೆಂಗಳೂರಿನವರಾದರೆ ಮೊದಲು ನಿಮ್ಮ ಜಾಗ ಈಗಿರುವ ಐದು ಪಾಲಿಕೆಗಳಲ್ಲಿ ಯಾವುದಕ್ಕೆ ಸೇರಿದೆ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ಅರ್ಧ ದಿನ ಅಲ್ಲೇ ಹೋಗುತ್ತದೆ.

ಆಮೇಲೆ ನೀವೊಬ್ಬರೇ ಹೋಗಿ ಕೇಂದ್ರ ನೋಡಿ ಬನ್ನಿ. ಇದು ಮುಖ್ಯ. ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಇರಬೇಕು ಅಂತ ಮಾರ್ಗಸೂಚಿ ಹೇಳುತ್ತದೆ. ಕುಡಿಯುವ ನೀರು, ಸ್ನಾನದ ಮನೆ, ಶೌಚಾಲಯ, ದೀಪ, ಹೊದಿಕೆ, ಅಡುಗೆಗೆ ಜಾಗ, ಸಾಮಾನಿಡಲು ಬೀಗದ ಪೆಟ್ಟಿಗೆ ಬೇಕು. ಈ ಪೆಟ್ಟಿಗೆ ಇದೆಯಾ ಅಂತ ಮೊದಲು ನೋಡಿ. ಬೀದಿಯಲ್ಲಿ ಮಲಗುವವರ ದೊಡ್ಡ ಭಯ ಮಳೆಯಲ್ಲ, ಕಳ್ಳತನ. ನಮ್ಮ ಯಜಮಾನರು ನಾಲ್ಕು ವರ್ಷದಲ್ಲಿ ಮೂರು ಮೊಬೈಲ್ ಕಳೆದುಕೊಂಡಿದ್ದಾರೆ. ತಲೆದಿಂಬಿನ ಹಾಗೆ ಚೀಲ ಇಟ್ಟುಕೊಂಡು ಮಲಗಿದರೂ ಬ್ಲೇಡು ಹಾಕಿ ಎತ್ತಿದ್ದಾರೆ.

ಗುರುತಿನ ಚೀಟಿ ಇಲ್ಲ ಅಂತ ವಾಪಸ್ ಕಳಿಸಿದರೆ ಜಗಳ ಬೇಡ, ಆದರೆ ಬಿಡಲೂ ಬೇಡಿ. ಚೀಟಿ ಇಲ್ಲದವರಿಗೆ ಚೀಟಿ ಮಾಡಿಸಿಕೊಡುವುದೂ ಆ ಕೇಂದ್ರದ ಕೆಲಸವೇ. ದುಡ್ಡು ಕೇಳಿದರೆ ಎಷ್ಟು ಅಂತ ಕೇಳಿ. ಬಳಕೆದಾರರಿಂದ ಸ್ವಲ್ಪ ತೆಗೆದುಕೊಳ್ಳಲು ಅವಕಾಶ ಇದೆ, ಆದರೆ ಅದು ಅವರ ಆದಾಯದ ಹತ್ತನೇ ಒಂದು ಪಾಲು ದಾಟಬಾರದು.

ಇಷ್ಟೆಲ್ಲ ಆದ ಮೇಲೂ ಅವರು ಬರಲ್ಲ ಅನ್ನಬಹುದು. ಯಜಮಾನರು ಮೊದಲು ಹಾಗೇ ಅಂದರು. ನನಗೆ ಸಿಟ್ಟು ಬಂತು. ಕೂತು ಮಾತಾಡಿದಾಗ ಗೊತ್ತಾಯಿತು: ಕೇಂದ್ರ ಮಂಡಿಯಿಂದ ನಾಲ್ಕು ಕಿಲೋಮೀಟರ್ ದೂರ. ಬೆಳಗಿನ ಜಾವ ಮೂರಕ್ಕೆ ಬಸ್ಸಿಲ್ಲ. ಲಾರಿ ತಪ್ಪಿದರೆ ಆ ದಿನದ ಕೂಲಿ ಹೋಯಿತು. ಜನ ದುಡಿಯುವ ಕಡೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಮಾರುಕಟ್ಟೆ ಹತ್ತಿರವೇ ಕೇಂದ್ರ ಇರಬೇಕು ಅಂತ ಮಾರ್ಗಸೂಚಿ ಹೇಳುವುದು ಇದಕ್ಕೇ. ಕೆಲವೆಡೆ ಊರಾಚೆ ಖಾಲಿ ಬಿದ್ದ ಸರ್ಕಾರಿ ಕಟ್ಟಡಕ್ಕೆ ಬಣ್ಣ ಹೊಡೆದು ಬೋರ್ಡ್ ಹಾಕಿರುತ್ತಾರೆ. ಆಮೇಲೆ "ಜನ ಬರುವುದಿಲ್ಲ" ಅಂತ ವರದಿ ಬರೆಯುತ್ತಾರೆ. ಇನ್ನು ಕೆಲವರಿಗೆ ತಳ್ಳುಗಾಡಿ ಎಲ್ಲಿಡುವುದು ಎಂಬ ಚಿಂತೆ. ಕೆಲವರಿಗೆ ಹೆಂಡತಿಯನ್ನು ಬೇರೆ ಕಡೆ ಮಲಗಿಸಿ ಬರಲು ಮನಸ್ಸಿಲ್ಲ. ಕಾರಣ ಕೇಳಿ, ಬರೆದುಕೊಳ್ಳಿ. 6ನೇ ಹೆಜ್ಜೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಎಚ್ಚರ. ಬೆಂಗಳೂರಿನ ಸುಮನಹಳ್ಳಿಯಲ್ಲಿ ಇರುವಂಥ ನಿರಾಶ್ರಿತರ ಪರಿಹಾರ ಕೇಂದ್ರವೇ ಬೇರೆ, ಈ ಆಶ್ರಯ ಕೇಂದ್ರವೇ ಬೇರೆ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಕೆಳಗೆ, ಭಿಕ್ಷೆ ಬೇಡುವವರಿಗಾಗಿ ಇರುವ ಜಾಗ. ದುಡಿದು ತಿನ್ನುವ ಮನುಷ್ಯನನ್ನು ಗೊತ್ತಿಲ್ಲದೆ ಅಲ್ಲಿಗೆ ಕಳಿಸಿಬಿಟ್ಟರೆ ಅವರು ನಿಮ್ಮನ್ನು ಮತ್ತೆ ನಂಬುವುದಿಲ್ಲ.

ಹೆಜ್ಜೆ 3: ಕಾಗದ

ಇಲ್ಲಿ ಆತುರ ಬೇಡ. ಒಂದೊಂದು ಕಾಗದಕ್ಕೂ ಇನ್ನೊಂದು ಕಾಗದ ಕೇಳುತ್ತಾರೆ, ವಿಳಾಸ ಎಲ್ಲದಕ್ಕೂ ಕೇಳುತ್ತಾರೆ. ಗಂಟು ಬಿಡಿಸುವ ತುದಿ ಎರಡಿವೆ.

ಒಂದು ಆಧಾರ್. ದಾಖಲೆ ಇಲ್ಲದವರಿಗೆ ಆಧಾರ್ ಪ್ರಾಧಿಕಾರದ್ದೇ ಒಂದು ನಮೂನೆ ಇದೆ. ಅದಕ್ಕೆ ಫೋಟೋ ಅಂಟಿಸಿ, ಗೆಜೆಟೆಡ್ ಅಧಿಕಾರಿ, ತಹಶೀಲ್ದಾರ್, ಶಾಸಕರು ಹೀಗೆ ಅಧಿಕಾರ ಇರುವವರ ಸಹಿ ಮತ್ತು ಮೊಹರು ಹಾಕಿಸಬೇಕು. ಮಾನ್ಯತೆ ಇರುವ ಆಶ್ರಯ ಕೇಂದ್ರದ ಮೇಲ್ವಿಚಾರಕರು ಕೂಡ ಸಹಿ ಹಾಕಬಹುದು. ಕೇಂದ್ರದಲ್ಲಿ ಹೆಸರು ಬರೆಸುವುದು ಬರೀ ಮಲಗುವುದಕ್ಕಲ್ಲ ಅಂತ ನಾನು ಹೇಳುವುದು ಇದಕ್ಕೇ. ಅಲ್ಲಿನ ರಿಜಿಸ್ಟರಿನಲ್ಲಿ ಹೆಸರಿದ್ದರೆ ಈ ಸಹಿ ಸಿಗುವುದು ಸುಲಭ.

ಮೂಟೆ ಹೊರುವವರು, ಗಾರೆ ಕೆಲಸದವರು, ಪಾತ್ರೆ ತೊಳೆಯುವವರ ಬೆರಳಿನ ಗೆರೆ ಸವೆದಿರುತ್ತದೆ. ಯಂತ್ರ ಹಿಡಿಯುವುದಿಲ್ಲ. ಯಜಮಾನರ ಹತ್ತೂ ಬೆರಳು ಒರೆಸಿ ಒರೆಸಿ ಇಟ್ಟರೂ ಕೆಂಪು ದೀಪವೇ. ಆಗ ಕಣ್ಣಿನ ಪಾಪೆಯಿಂದ ಮಾಡಿ ಅಂತ ಕೇಳಿ. ಇನ್ನೊಂದು ತೊಂದರೆ ಮೊಬೈಲ್ ನಂಬರಿನದು. ಆಧಾರ್ ಇರುತ್ತದೆ, ಓಟಿಪಿ ಮಾತ್ರ ಕಳೆದುಹೋದ ಮೊಬೈಲಿಗೆ ಹೋಗುತ್ತಿರುತ್ತದೆ. ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಿ ನಂಬರ್ ಬದಲಿಸಿಕೊಳ್ಳಿ, ಆಮೇಲೆ ಮುಂದಿನ ಕೆಲಸ. ನಿಮ್ಮ ನಂಬರ್ ಕೊಡಬೇಡಿ. ಒಳ್ಳೆಯ ಮನಸ್ಸಿನಿಂದ ಕೊಟ್ಟರೂ ನಾಳೆ ಅವರ ದುಡ್ಡಿನ ಕೀಲಿಕೈ ನಿಮ್ಮ ಜೇಬಲ್ಲಿರುತ್ತದೆ.

ಇನ್ನೊಂದು ತುದಿ ಮತದಾರರ ಚೀಟಿ. ಇದು ನನಗೆ ಬಹಳ ಇಷ್ಟವಾದ ನಿಯಮ. ಮನೆ ಇಲ್ಲದವರು ಫಾರಂ 6ರಲ್ಲಿ ತಾವು ಮಲಗುವ ಜಾಗವನ್ನೇ ಬರೆಯಬಹುದು. ವಿಳಾಸಕ್ಕೆ ಬೇರೆ ದಾಖಲೆ ಬೇಡ. ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು ಆ ಜಾಗಕ್ಕೆ ಬಂದು, ಮನುಷ್ಯ ನಿಜವಾಗಿ ಅಲ್ಲಿ ಮಲಗುತ್ತಾನಾ ಅಂತ ನೋಡಬೇಕು. ಒಂದಕ್ಕಿಂತ ಹೆಚ್ಚು ರಾತ್ರಿ ನೋಡಬೇಕು. ಮೊದಲ ಸಲ ಕೇಳಿದಾಗ ನಾನೂ ನಂಬಲಿಲ್ಲ. ಅರ್ಜಿ ಹಾಕಿದ ಮೇಲೆ ಮತಗಟ್ಟೆ ಅಧಿಕಾರಿಯನ್ನು ಹುಡುಕಿ ಮಾತಾಡಿ. ಅವರು ಸಾಮಾನ್ಯವಾಗಿ ಶಾಲೆಯ ಮೇಷ್ಟ್ರು ಅಥವಾ ಅಂಗನವಾಡಿಯವರು. ಹಗಲಿಡೀ ದುಡಿದವರನ್ನು ರಾತ್ರಿ ಹತ್ತಕ್ಕೆ ಬನ್ನಿ ಅನ್ನುತ್ತಿದ್ದೀರಿ, ನೆನಪಿರಲಿ. ಜೊತೆಗೆ ನೀವೂ ಹೋಗಿ, ದಾರಿಯಲ್ಲಿ ಒಂದು ಚಹಾ ಕೊಡಿಸಿ.

ಉಳಿದದ್ದು ಸರಸರ ಆಗುತ್ತದೆ. ಆಧಾರ್ ಇದ್ದರೆ ಬ್ಯಾಂಕಿನಲ್ಲಿ ಜನಧನ್ ಖಾತೆ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ. ಆದಾಯ ಪತ್ರ ಐದು ವರ್ಷ ನಡೆಯುತ್ತದೆ. ಅರ್ಜಿ ಕೊಟ್ಟಾಗ ಸಕಾಲದ 15 ಅಂಕಿಯ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ, ಬಾಯಿಮಾತಿಗೆ ಬೆಲೆಯಿಲ್ಲ. 65 ದಾಟಿದವರಾದರೆ ಅಲ್ಲೇ ಸಂಧ್ಯಾ ಸುರಕ್ಷಾ ಪಿಂಚಣಿಗೂ ಹಾಕಿ, ತಿಂಗಳಿಗೆ 1,200 ರೂಪಾಯಿ. ಪಡಿತರ ಚೀಟಿ ಮಾತ್ರ ಅದೃಷ್ಟದ ಆಟ. ಹೊಸ ಬಿಪಿಎಲ್ ಅರ್ಜಿಯ ಕಿಟಕಿಯನ್ನು ಆಗಾಗ ತೆರೆಯುತ್ತಾರೆ, ಮುಚ್ಚುತ್ತಾರೆ. ಅಲ್ಲಿಯವರೆಗೆ ಹೊಟ್ಟೆಗೆ ಇಂದಿರಾ ಕ್ಯಾಂಟೀನ್ ಇದೆ.

ಎಲ್ಲ ಕಾಗದದ ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅವರು ನಂಬುವ ಒಂದು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಡಿಸಿ. ಜೇಬಿನಲ್ಲಿ ಜೆರಾಕ್ಸ್ ಸಾಕು.

ಹೆಜ್ಜೆ 4: ಮನೆ

ಈಗ ಮೊದಲ ಕೊಳಾಯಿಗೆ ಬರೋಣ. ಊರಿನ ಕಡೆ ಬೇರು ಇರುವವರಾದರೆ ಹಳ್ಳಿಯ ದಾರಿ ಸುಲಭ. ಎಷ್ಟೋ ಜನ ಪೇಟೆಯಲ್ಲಿ ಮಲಗುತ್ತಾರೆ, ಊರಿನಲ್ಲಿ ಅಣ್ಣತಮ್ಮಂದಿರು ಇರುತ್ತಾರೆ, ಮತದಾರರ ಪಟ್ಟಿಯಲ್ಲಿ ಹೆಸರೂ ಇರುತ್ತದೆ. ಕೇಳಿ ನೋಡಿ. ಅಲ್ಲಿ ಹೆಸರಿದ್ದು ಆ ಊರಿನ ದಾರಿಯನ್ನೇ ಹಿಡಿಯುವುದಾದರೆ ಇಲ್ಲಿ ಹೊಸದಾಗಿ ಫಾರಂ 6 ಹಾಕಬೇಡಿ. ಎರಡು ಕಡೆ ಹೆಸರಿರುವಂತಿಲ್ಲ.

ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ. ಜೊತೆಗೆ ಶೌಚಾಲಯಕ್ಕೆ 12,000. ಮನೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ, ಅಡುಗೆಮನೆ ಸೇರಿ. ಈ ಯೋಜನೆಯಲ್ಲಿ ಬಹಳ ಜನ ಗಮನಿಸದ ಒಂದು ಮಾತಿದೆ. ಸೂರೇ ಇಲ್ಲದ ಕುಟುಂಬ, ಭಿಕ್ಷೆಯಿಂದ ಬದುಕುವವರು, ಮಲ ಹೊರುವ ಕೆಲಸದಲ್ಲಿದ್ದವರು, ಮೂಲ ಬುಡಕಟ್ಟಿನವರು, ಜೀತದಿಂದ ಬಿಡುಗಡೆಯಾದವರು: ಈ ಐದು ಬಗೆಯವರು ತಾವಾಗಿಯೇ ಅರ್ಹರು. ಉಳಿದವರ ಹಾಗೆ ಗೋಡೆ ಎಂಥದ್ದು, ಕೋಣೆ ಎಷ್ಟು ಅಂತ ಅಳೆಯುವ ಪ್ರಶ್ನೆಯೇ ಇಲ್ಲ. ಅರ್ಜಿಯಲ್ಲಿ "ಬಡವರು, ಕಷ್ಟದಲ್ಲಿದ್ದಾರೆ" ಅಂತ ಬರೆಯಬೇಡಿ. "ಇದು ಸೂರಿಲ್ಲದ ಕುಟುಂಬ" ಅಂತಲೇ ಬರೆಯಿರಿ. ಆ ಪದಕ್ಕೆ ಯೋಜನೆಯಲ್ಲಿ ಬೆಲೆಯಿದೆ. ಜಾಗ ಇಲ್ಲದ ಫಲಾನುಭವಿಗೆ ಜಾಗ ಕೊಡಿಸುವುದು ರಾಜ್ಯದ ಹೊಣೆ ಅಂತಲೂ ಅದೇ ಯೋಜನೆ ಹೇಳುತ್ತದೆ. "ಸೈಟ್ ಇದೆಯಾ" ಎಂಬ ಪ್ರಶ್ನೆಗೆ ನಿಮ್ಮ ಉತ್ತರ ಇದು.

ಕರ್ನಾಟಕದಲ್ಲಿ ವಸತಿ ಯೋಜನೆಗಳನ್ನೆಲ್ಲ ನೋಡಿಕೊಳ್ಳುವುದು 2000ದಲ್ಲಿ ಶುರುವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಹೆಸರಿನಲ್ಲಿ ಗ್ರಾಮೀಣ ಅಂತ ಇದ್ದರೂ ಪೇಟೆಯ ಯೋಜನೆಗಳೂ ಅಲ್ಲೇ. ಬಸವ ವಸತಿ ಎಲ್ಲ ಬಡವರಿಗೆ. ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹಳ್ಳಿಯಲ್ಲಿ 1.75 ಲಕ್ಷ, ಪೇಟೆಯಲ್ಲಿ 2 ಲಕ್ಷ. ದೇವರಾಜ ಅರಸು ವಸತಿ ಯೋಜನೆ ಅಂಗವಿಕಲರು, ಮಾಜಿ ದೇವದಾಸಿಯರು, ಎಚ್‌ಐವಿ ಇರುವವರು, ಕುಷ್ಠ ವಾಸಿಯಾದವರು ಮುಂತಾದ ವಿಶೇಷ ವರ್ಗದವರಿಗೆ. ಮೊತ್ತ ಆಗಾಗ ಬದಲಾಗುತ್ತದೆ, ಮಂಜೂರಾತಿ ಪತ್ರದಲ್ಲಿ ಇರುವುದೇ ಕೊನೆಯ ಮಾತು.

ಹಳ್ಳಿಯಲ್ಲಿ ಹೆಸರು ಆಯ್ಕೆಯಾಗುವುದು ಗ್ರಾಮಸಭೆಯಲ್ಲಿ. ಪಿಡಿಒಗೆ ಅರ್ಜಿ ಕೊಟ್ಟು ಮನೆಗೆ ಬಂದರೆ ಆಗಲಿಲ್ಲ. ಗ್ರಾಮಸಭೆಯ ದಿನ ಎದ್ದು ನಿಂತು ಹೆಸರು ಹೇಳಬೇಕು, ನಡಾವಳಿಯಲ್ಲಿ ಬರೆಸಬೇಕು. ವಸತಿರಹಿತರ ಪಟ್ಟಿ ಒಂದು, ನಿವೇಶನರಹಿತರ ಪಟ್ಟಿ ಇನ್ನೊಂದು. ಜಾಗ ಇಲ್ಲದವರ ಹೆಸರು ಎರಡನೆಯದರಲ್ಲಿ ಇರಲೇಬೇಕು. ಎಷ್ಟೋ ಕಡೆ ಮೊದಲ ಪಟ್ಟಿಗೆ ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ಜಾಗ ಇಲ್ಲ ಅಂತ ಅಲ್ಲಿಂದಲೂ ತೆಗೆಯುತ್ತಾರೆ.

ಪೇಟೆಯ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೇ ಹಂತ 2024ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಗುರಿ 1 ಕೋಟಿ ಕುಟುಂಬ. ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರಿಗೆ ಕೇಂದ್ರದಿಂದ 1.5 ಲಕ್ಷ, ರಾಜ್ಯದ್ದು ಕನಿಷ್ಠ 1 ಲಕ್ಷ. ವರ್ಷದ ಆದಾಯ 3 ಲಕ್ಷದೊಳಗೆ ಇರಬೇಕು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಹಿಂದಿನ 20 ವರ್ಷದಲ್ಲಿ ಯಾವ ಸರ್ಕಾರಿ ವಸತಿ ಯೋಜನೆಯಲ್ಲೂ ಲಾಭ ಪಡೆದಿರಬಾರದು. ವಿಧವೆಯರು, ಒಂಟಿ ಹೆಂಗಸರು, ಹಿರಿಯರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರಿಗೆ ಮೊದಲ ಆದ್ಯತೆ. ಪೌರಕಾರ್ಮಿಕರು, ಬೀದಿ ವ್ಯಾಪಾರಿಗಳು, ಕಟ್ಟಡ ಕಾರ್ಮಿಕರ ಕಡೆಗೂ ಗಮನ ಕೊಡಬೇಕು ಅಂತಿದೆ. ಜಾಗ ಇಲ್ಲದವರಿಗೆ ಇದರಲ್ಲಿ ಪಾಲುದಾರಿಕೆಯ ಫ್ಲ್ಯಾಟು, ಬಾಡಿಗೆ ಮನೆ ಎಂಬ ಎರಡು ದಾರಿ ಇವೆ. ಫ್ಲ್ಯಾಟಿಗೆ ಫಲಾನುಭವಿಯ ಪಾಲು ಅಂತ ದೊಡ್ಡ ಮೊತ್ತ ಕಟ್ಟಬೇಕು. ಕೂಲಿಯವರಿಗೆ ಬ್ಯಾಂಕ್ ಸಾಲ ಸಿಗುವುದೇ ಕಷ್ಟ. ಬಾಡಿಗೆ ಮನೆಯ ದಾರಿ ಬೀದಿಯವರಿಗೆ ಹೆಚ್ಚು ಹೊಂದುತ್ತದೆ ಅಂತ ನನ್ನ ಅನಿಸಿಕೆ. ನಿಮ್ಮ ಊರಿನಲ್ಲಿ ಅದರ ಪ್ರಸ್ತಾವ ಇದೆಯಾ ಅಂತ ಕೇಳಿ, ಕೇಳಿದಷ್ಟೂ ಒಳ್ಳೆಯದು.

ಜೋಪಡಿಯವರ ವಿಷಯ ಎರಡೇ ಮಾತು. ಘೋಷಿತ ಕೊಳಗೇರಿಯಾದರೆ ಕೊಳಗೇರಿ ಅಭಿವೃದ್ಧಿ ಮಂಡಳಿಗೆ ಹೋಗಿ ಹಕ್ಕುಪತ್ರ ಕೇಳಿ. ಸರ್ಕಾರಿ ಜಾಗದಲ್ಲಿ ಹಳೆಯ ಮನೆಯಾದರೆ ಅದನ್ನು ಸಕ್ರಮ ಮಾಡಿಸಿಕೊಳ್ಳಲು ಭೂ ಕಂದಾಯ ಕಾಯ್ದೆಯ 94ಸಿ ಹಳ್ಳಿಗೆ, 94ಸಿಸಿ ಪೇಟೆಗೆ. ತಹಶೀಲ್ದಾರ್ ಕಚೇರಿಯಲ್ಲಿ "ತೊಂಬತ್ನಾಲ್ಕು ಸಿ ಅರ್ಜಿ" ಅಂದರೆ ಸಾಕು.

ಮಂಜೂರಾದ ಮೇಲೆ ನಿಜವಾದ ಪರೀಕ್ಷೆ. ರಾಜ್ಯದ ಯೋಜನೆಗಳಲ್ಲಿ ಕೆಲಸ ಮೊದಲು, ಬಿಲ್ ಆಮೇಲೆ. ತಳಪಾಯ, ಗೋಡೆ, ಛಾವಣಿ, ಕೊನೆಗೆ ಪೂರ್ಣ, ಒಂದೊಂದು ಹಂತಕ್ಕೂ ಪಂಚಾಯಿತಿಯವರು ಬಂದು ಜಿಪಿಎಸ್ ಫೋಟೋ ತೆಗೆಯುತ್ತಾರೆ, ಆಮೇಲೆ ದುಡ್ಡು ಖಾತೆಗೆ ಬರುತ್ತದೆ. ಅಂದರೆ ತಳಪಾಯದ ಖರ್ಚು ಕೈಯಿಂದಲೇ. ಕಾರ್ಯಾದೇಶ ಕೈಗೆ ಬರುವ ಮೊದಲು ಒಂದು ಕಲ್ಲೂ ಇಡಬೇಡಿ. ಮೊದಲೇ ಇದ್ದ ತಳಪಾಯ ತೋರಿಸಿದರೆ ಬಿಲ್ ತಡೆಯುತ್ತಾರೆ.

ಹಾಗೇ ದೊಡ್ಡದಾಗಿ ಅಗೆಯಬೇಡಿ. ಯಾವ ಹಳ್ಳಿಗೆ ಹೋದರೂ ಲಿಂಟಲ್‌ವರೆಗೆ ಎದ್ದು ನಿಂತ ಗೋಡೆ ಕಾಣುತ್ತದೆ. ಮಧ್ಯದಲ್ಲಿ ಎಕ್ಕದ ಗಿಡ, ಪಕ್ಕದಲ್ಲೇ ಅದೇ ಹಳೆಯ ಶೀಟಿನ ಗುಡಿಸಲು. ಮೇಸ್ತ್ರಿ "ಕಟ್ಟೋದು ಕಟ್ತೀರ, ಇನ್ನೊಂದು ರೂಮ್ ಹಾಕ್ಬಿಡಿ ಅಕ್ಕಾ" ಅಂದಿರುತ್ತಾರೆ. ಸಬ್ಸಿಡಿ ಗೋಡೆಗೇ ಮುಗಿದಿರುತ್ತದೆ. ಮೊದಲು 270 ಅಡಿ ಕಟ್ಟಿ ಛಾವಣಿ ಹಾಕಿ. ಕೊನೆಯ ಬಿಲ್ ಬರಲಿ, ಆಮೇಲೆ ರೂಮಿನ ಮಾತು.

ಫೈಲ್ ಮುಂದೆ ತಳ್ಳುತ್ತೇನೆ ಅಂತ ದುಡ್ಡು ಕೇಳುವವರು ಪ್ರತಿ ಹಂತದಲ್ಲೂ ಸಿಗುತ್ತಾರೆ. ಯಾವ ಯೋಜನೆಯಲ್ಲೂ ಅಂಥ ಶುಲ್ಕ ಇಲ್ಲ.

ಹೆಜ್ಜೆ 5: ಸೂರು ಮಾತ್ರ ಸಾಲದವರಿಗೆ

ಮಗು ಒಂಟಿಯಾಗಿ ಕಂಡರೆ 1098. ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸಾದರೆ 181, ಸಖಿ ಕೇಂದ್ರದವರು ತಾತ್ಕಾಲಿಕವಾಗಿ ಇರಲು ಜಾಗವನ್ನೂ ಕೊಡುತ್ತಾರೆ. ಹಿರಿಯರಾದರೆ 14567. ಮಕ್ಕಳೇ ಹೊರಗೆ ಹಾಕಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಉಪವಿಭಾಗಾಧಿಕಾರಿಗೆ ದೂರು ಕೊಡಬಹುದು, ವಕೀಲರು ಬೇಕಿಲ್ಲ.

ಮನಸ್ಸಿನ ಕಾಯಿಲೆಯಿಂದ ಅಲೆಯುತ್ತಿರುವವರ ವಿಷಯದಲ್ಲಿ ಜನ ಹೆಚ್ಚು ಎಡವುತ್ತಾರೆ. ಆಶ್ರಯ ಕೇಂದ್ರದವರು ನಿಭಾಯಿಸಲಾರದೆ ವಾಪಸ್ ಕಳಿಸುತ್ತಾರೆ. ಆಸ್ಪತ್ರೆಯವರು ಜೊತೆಗೆ ಯಾರು ಬಂದಿದ್ದೀರಿ ಅನ್ನುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಈ ಹೊಣೆಯನ್ನು ಪೊಲೀಸ್ ಠಾಣೆಯ ಮೇಲೆ ಹಾಕಿದೆ. ಠಾಣಾಧಿಕಾರಿ ಆ ವ್ಯಕ್ತಿಯನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಠಾಣೆಗೆ ಹೋಗುವಾಗ ಈ ಕಲಂ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಾತಿಗಿಂತ ಚೀಟಿ ಬೇಗ ಕೆಲಸ ಮಾಡುತ್ತದೆ. ಸಲಹೆ ಬೇಕಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಹೆಜ್ಜೆ 6: ದುಡ್ಡು ಎಲ್ಲಿದೆ ಅಂತ ಕೇಳಿ

"ಅನುದಾನ ಇಲ್ಲ ಸಾರ್." ಈ ಮಾತು ನೀವು ಕೇಳಿಯೇ ಕೇಳುತ್ತೀರಿ. ಕೆಲವೊಮ್ಮೆ ನಿಜ. ನಲ್ಮ್ ಮಾರ್ಗಸೂಚಿಯಲ್ಲಿ 50 ಜನರ ಕೇಂದ್ರ ನಡೆಸಲು ವರ್ಷಕ್ಕೆ 6 ಲಕ್ಷ ಅಂತ ಅಂದಾಜಿತ್ತು. ಭಾಗಿಸಿ ನೋಡಿ, ಒಬ್ಬರಿಗೆ ದಿನಕ್ಕೆ 33 ರೂಪಾಯಿ. ಒಂದು ಮಸಾಲೆ ದೋಸೆಯೂ ಬರುವುದಿಲ್ಲ. ಅದರಲ್ಲೇ ಕಾವಲುಗಾರನ ಸಂಬಳ, ಕರೆಂಟು, ಹೊದಿಕೆ ಒಗೆಯುವುದು. ಮೇಲಾಗಿ ಆ ಅಭಿಯಾನದ ಅವಧಿ 2024ರ ಸೆಪ್ಟೆಂಬರ್‌ಗೆ ಮುಗಿಯಿತು. ಹಾಗಾದರೆ ನಿಮ್ಮ ಊರಿನ ಕೇಂದ್ರಕ್ಕೆ ಈಗ ಯಾವ ಲೆಕ್ಕ ಶೀರ್ಷಿಕೆಯಿಂದ ದುಡ್ಡು ಬರುತ್ತಿದೆ? ಈ ಪ್ರಶ್ನೆ ಕೇಳಿದರೆ ಸಾಕು, ಎದುರಿಗಿರುವವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಆದರೆ ಬೇರೆ ದುಡ್ಡೂ ಇದೆ. ನಿಮ್ಮ ಮನೆಯ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರದ ಪಕ್ಕದಲ್ಲಿ ಭಿಕ್ಷುಕರ ಕರ ಅಂತ ಒಂದು ಸಾಲು ಇರುತ್ತದೆ, ತೆರಿಗೆಯ ಶೇ 3. ನಾವೆಲ್ಲ ಪ್ರತಿ ವರ್ಷ ಕಟ್ಟುತ್ತಿದ್ದೇವೆ. ಅದು ಸುಮನಹಳ್ಳಿಯಂಥ ನಿರಾಶ್ರಿತರ ಜಾಗಗಳನ್ನು ನಡೆಸುವ ಕೇಂದ್ರ ಪರಿಹಾರ ಸಮಿತಿಗೆ ಹೋಗಬೇಕು. ವಸೂಲಾದದ್ದು ಎಷ್ಟು, ಪಾಲಿಕೆ ಮುಂದಕ್ಕೆ ಕಳಿಸಿದ್ದು ಎಷ್ಟು, ಎರಡನ್ನೂ ಕೇಳಬಹುದು. ಇದಲ್ಲದೆ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎತ್ತಿಡಬೇಕು. "ಏಳೂಕಾಲು ಪರ್ಸೆಂಟ್ ನಿಧಿ" ಅಂದರೆ ಎಲ್ಲ ಪುರಸಭೆಯಲ್ಲೂ ಗೊತ್ತು.

ಬಾಯಲ್ಲಿ ಉತ್ತರ ಬರದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿಯ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ನಾನು ಬರೆದದ್ದು ಹೀಗಿತ್ತು: "ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ವಸತಿರಹಿತರ ಆಶ್ರಯ ಕೇಂದ್ರಕ್ಕೆ ಬಿಡುಗಡೆಯಾದ ಮೊತ್ತ, ಖರ್ಚಾದ ಮೊತ್ತ, ಉಳಿಕೆ ಮೊತ್ತ, ಮತ್ತು ಕೇಂದ್ರದ ದಿನವಹಿ ಹಾಜರಿ ಪುಸ್ತಕದ ಪ್ರತಿ." ಇಷ್ಟೇ. "ಯಾಕೆ" ಎಂಬ ಪದ ಹಾಕಬೇಡಿ, ಅಭಿಪ್ರಾಯ ಕೇಳಿದ್ದೀರಿ ಅಂತ ತಳ್ಳಿಬಿಡುತ್ತಾರೆ. 30 ದಿನದಲ್ಲಿ ಉತ್ತರ ಬರಬೇಕು. ಹಾಜರಿ ಪುಸ್ತಕ ಕೇಳುವುದನ್ನು ಮರೆಯಬೇಡಿ. ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಮೂವತ್ತು ಸಹಿ ಕಂಡರೆ ಉಳಿದದ್ದು ನಿಮಗೇ ಅರ್ಥವಾಗುತ್ತದೆ.

ದುಡ್ಡು ಬಂದರೂ ಖರ್ಚಾಗದೆ ಕೂತಿದೆ ಎಂಬುದು ಹಳೆಯ ದೂರು. ಇದನ್ನು ಪರಿಶೀಲಿಸಲೆಂದೇ 2016ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಸಮಿತಿ ಮಾಡಿತ್ತು. ನಿಮ್ಮ ಊರಿನ ಲೆಕ್ಕ ಕೈಗೆ ಬಂದ ಮೇಲೆ ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ. ಚಳಿಗಾಲದಲ್ಲಿ ಕರೆಯುತ್ತಾರೆ, ಪೇಪರಿನಲ್ಲಿ ಸಣ್ಣದಾಗಿ ಬರುತ್ತದೆ. ಬರುವವರು ಹತ್ತಿಪ್ಪತ್ತು ಜನ. ಬೀದಿ ದೀಪ, ಚರಂಡಿ, ನಾಯಿ ಕಾಟದ ಮಾತು ಮುಗಿದ ಮೇಲೆ ನೀವು ಎದ್ದು ನಿಲ್ಲಿ. 2ನೇ ಹೆಜ್ಜೆಯಲ್ಲಿ ಬರೆದುಕೊಂಡ ಕಾರಣಗಳನ್ನು ಓದಿ. ನಾನು ಓದಿದ್ದು: ಮಂಡಿಯಿಂದ ನಾಲ್ಕು ಕಿಲೋಮೀಟರ್, ಬೆಳಗಿನ ಜಾವ ಬಸ್ಸಿಲ್ಲ, ಮಂಡಿಯ ಹಿಂದಿನ ಹಳೆಯ ಗೋದಾಮು ಖಾಲಿ ಬಿದ್ದಿದೆ. ಗೋದಾಮು ಇನ್ನೂ ಖಾಲಿಯೇ ಇದೆ. ಆದರೆ ಈ ವರ್ಷ ಅದನ್ನು ಅಳೆದುಕೊಂಡು ಹೋಗಿದ್ದಾರೆ.

ಯಜಮಾನರು ಈಗ ಲಾರಿ ಇಲ್ಲದ ರಾತ್ರಿಗಳಲ್ಲಿ ಕೇಂದ್ರಕ್ಕೆ ಹೋಗುತ್ತಾರೆ, ಇರುವ ರಾತ್ರಿ ಜಗಲಿ. ಊರಿನ ಮತದಾರರ ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಇತ್ತು. ಪಂಚಾಯಿತಿಯ ನಿವೇಶನರಹಿತರ ಪಟ್ಟಿಗೆ ಅರ್ಜಿ ಕೊಟ್ಟಿದ್ದೇವೆ, ಸ್ವೀಕೃತಿ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ. ಮುಂದಿನ ಗ್ರಾಮಸಭೆ ಗುರುವಾರ. ಬುಧವಾರ ರಾತ್ರಿ ಈರುಳ್ಳಿ ಲಾರಿ ಬರುತ್ತದಂತೆ. "ಇಳಿಸಿ ಮುಗ್ಸಿ ಆರು ಗಂಟೆ ಬಸ್ಸಿಗೆ ಹತ್ಕೊಳ್ಳೋಣ ಸಾರ್, ನೀವು ಎದ್ದಿರಿ" ಅಂದಿದ್ದಾರೆ.